ಮರೆಯಿಲ್ಲದ ಬೇಸಿಗೆ

ಬಿಸಿಲಲ್ಲಿ ಕೂಲಿ ಮಾಡುವವರಿಗೆ ನೀರು ಕುಡಿಯಿರಿ ಎಂದು ತಿಳಿಹೇಳುವುದು ಆ ಏಪ್ರಿಲ್‌ನಲ್ಲಿ ನನಗೆ ಬಿದ್ದ ಕೆಲಸ. ನಾನು ಊರೂರು ತಿರುಗುವ ನರ್ಸು. ಅರಕಲಗೂಡಿನ ಕಡೆ ಒಂದು ಶುಂಠಿ ಹೊಲಕ್ಕೆ ಹೋದೆ. ಹಿಂದಿನ ದಿನ ಅಲ್ಲಿ ಒಬ್ಬಾಕೆ ತಲೆಸುತ್ತಿ ಬಿದ್ದಿದ್ದಳು. ಕೆಲವರಿಗೆ ಉರಿಮೂತ್ರ ಬೇರೆ. ಆದರೂ ಬದುವಿನ ಮೇಲಿಟ್ಟ ಬಿಂದಿಗೆ ತುಂಬಿದಂತೆಯೇ ಇತ್ತು.

ನನಗೆ ರೇಗಿತು. "ನೀರು ಇಟ್ಕೊಂಡೂ ಕುಡಿಯಲ್ವಲ್ಲ, ಏನು ಹಟ ನಿಮ್ದು?"

ಆ ಹೆಣ್ಣಾಳುಗಳ ಗುಂಪಿನಲ್ಲಿ ಹಿರಿಯರಾದ ಜಯಮ್ಮ ಸೊಂಟ ನೆಟ್ಟಗೆ ಮಾಡಿಕೊಂಡರು. "ಕುಡುದ್ಮೇಲೆ ಎಲ್ಲಿಗೋಗದು ಮೇಡಂ? ಮಳೆಗಾಲ್ದಲ್ಲಿ ಜ್ವಾಳ ಆಳೆತ್ತರ ನಿಂತಿರ್ತದೆ, ಮರೆ ಇರ್ತದೆ. ಈಗ ಬೇಲಿನೂವೆ ಜೇಸೀಬಿಲಿ ಕಿತ್ತಾಕವ್ರೆ. ರಸ್ತೇಲಿ ಓಗೋರ್ಗೆಲ್ಲ ಕಾಣ್ತದೆ."

ಅವರ ಕಣ್ಣು ನನ್ನ ಚೀಲಕ್ಕೆ ಹೋಯಿತು. "ನಿಮ್ ಬಾಟ್ಲೂ ಅಂಗೇ ತುಂಬೈತಲ್ಲ?"

ಹಾಸನದಲ್ಲಿ ಬಸ್ಸು ಹತ್ತುವಾಗ ತುಂಬಿಸಿಕೊಂಡದ್ದು. ದಾರಿಯಲ್ಲಿ ಅವಸರವಾದರೆ ಎಲ್ಲಿಗೆ ಹೋಗುವುದು ಎಂಬ ಭಯಕ್ಕೆ ನಾನೂ ಒಂದು ಗುಟುಕೂ ಕುಡಿದಿರಲಿಲ್ಲ.

ಜಯಮ್ಮ ನಗಲಿಲ್ಲ. ಬಿತ್ತನೆ ಶುಂಠಿಗೆ ಬಿಸಿಲು ತಾಗದಿರಲೆಂದು ಹೊದಿಸಿದ್ದ ಹಳೇ ಸೀರೆಯನ್ನು ಎಳೆದು ಇಬ್ಬರ ಕೈಗೆ ಕೊಟ್ಟರು. "ಆಕಡೀಕೆ ಒಬ್ರು, ಈಕಡೀಕೆ ಒಬ್ರು ಇಡ್ಕಳಿ. ಮದ್ಲು ಮೇಡಂ ಓಗ್ಬರ್ಲಿ."

ಆಮೇಲೆ ಒಬ್ಬೊಬ್ಬರೇ ಹೋಗಿ ಬಂದರು. ನಾನು ಹೊರಡುವ ಹೊತ್ತಿಗೆ ಬಿಂದಿಗೆ ಖಾಲಿ.

ಬಸ್ಸಿನಲ್ಲಿರುವಾಗ ಆಫೀಸಿನಿಂದ ಫೋನು ಬಂತು. ಕಾರ್ಯಕ್ರಮ ಹೇಗಾಯಿತು, ಫೋಟೋ ಎಲ್ಲಿ ಎಂದು ಸಾಹೇಬರು ಕೇಳಿದರು. ಬಹಳ ಚೆನ್ನಾಗಾಯಿತು ಸಾರ್ ಎಂದೆ. ಅದು ಫೋಟೋ ತೆಗೆಯುವಂಥ ಕಾರ್ಯಕ್ರಮವಲ್ಲ ಎಂದು ತುಂಬಿದ ಬಸ್ಸಿನಲ್ಲಿ ನಿಂತು ಹೇಗೆ ವಿವರಿಸಲಿ?