ಹತ್ತನೆಯ ತಲೆ

ನಮ್ಮ ಗಣಿತದ ಸರ್ ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ಕರಿಹಲಗೆಯ ಮೇಲೆ ತ್ರಿಕೋಣದ ಎರಡು ಬದಿ ಎಳೆದು ಮೂರನೆಯದಕ್ಕೆ ಸೀಮೆಸುಣ್ಣದ ಖಡು ಊರಿರುತ್ತಿದ್ದರು, ಕೈ ಅಲ್ಲೇ ನಿಂತುಬಿಡುತ್ತಿತ್ತು. ಬೆನ್ನು ನಮ್ಮ ಕಡೆಗೆ. ಕಣ್ಣು ಮುಚ್ಚಿವೆಯೆಂಬುದು ಮುಂದಿನ ಸಾಲಿನ ತುದಿಯಲ್ಲಿ ಕೂತವರಿಗಷ್ಟೇ ಕಾಣುತ್ತಿತ್ತು, ಅಲ್ಲಿ ಕೂಡುತ್ತಿದ್ದವಳು ನಾನು. ಹತ್ತು ಹನ್ನೆರಡು ಉಸಿರು ಎಣಿಸುವಷ್ಟು ಹೊತ್ತು ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಗೆರೆ ಮುಂದುವರಿಯುತ್ತಿತ್ತು. ಆ ಗೆರೆ ಒಂದು ದಿನವೂ ಸೊಟ್ಟಾಗಿದ್ದನ್ನು ನಾನು ನೋಡಿಲ್ಲ.

ದಣಿಯದೆ ಇನ್ನೇನಾಗಬೇಕಿತ್ತು ಅವರಿಗೆ? ಹಳಿಯಾಳದ ನಮ್ಮ ಹೈಸ್ಕೂಲಿನಲ್ಲಿ ಎಲ್ಲ ತರಗತಿಗಳ ಗಣಿತ ಅವರೊಬ್ಬರದೇ. ಚಿತ್ರಕಲೆಯ ಮಾಸ್ತರರಿಗೆ ವರ್ಗವಾದ ಮೇಲೆ ಅದೂ ಅವರ ಕೊರಳಿಗೇ ಬಿತ್ತು. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಬೆಳಿಗ್ಗೆ ರೊಟ್ಟಿ ತಾವೇ ಬಡಿದು, ಆಕೆಗೆ ಉಣ್ಣಿಸಿ, ಹಿಟ್ಟು ಮೆತ್ತಿದ ಮುಂಗೈಯಲ್ಲೇ ಸಾಲೆಗೆ ಬರುತ್ತಿದ್ದರು. ಯಾರಾದರೂ ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ, ಬೈಯಲಿಕ್ಕೂ ತ್ರಾಣ ಬೇಕಲ್ಲ. "ಇರ್ಲಿ, ಇನ್ನೊಮ್ಮಿ ಮಾಡು. ಗಣಿತಕ್ಕ ಯಾರ ಮ್ಯಾಲೂ ಸಿಟ್ಟಿಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿ ನಮಗೆ ನಗು. ಗಣಿತದ ಮೇಲೆ ನಮಗಿದ್ದ ಸಿಟ್ಟಿನ ಬಗ್ಗೆ ಅವರೇನೂ ಹೇಳುತ್ತಿರಲಿಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಎಂಟನೆಯ ಇಯತ್ತೆ ಮುಗಿಸಿದವರು ಮುಂದಿನ ವಿಷಯ ಆರಿಸಿಕೊಳ್ಳಬೇಕು. ನಮ್ಮ ಸಾಲೆಯಲ್ಲಿ ಆರಿಸಲಿಕ್ಕೆ ಏನಿತ್ತು? ಸಾದಾ ಅಂಕಗಣಿತ, ಹುಡುಗಿಯರಿಗಾದರೆ ಗೃಹಶಾಸ್ತ್ರ. ಬೀಜಗಣಿತ, ರೇಖಾಗಣಿತ, ಭೌತ, ರಸಾಯನ ಬೇಕೆಂದವರು ಧಾರವಾಡದ ಹಾದಿ ಹಿಡಿಯಬೇಕಿತ್ತು. ಆ ವರ್ಷ ಸರ್ ಅರ್ಜಿಯ ಮೇಲೆ ಅರ್ಜಿ ಬರೆದು ನಮ್ಮಲ್ಲೂ ಆ ವಿಷಯಗಳಿಗೆ ಒಪ್ಪಿಗೆ ತರಿಸಿದರು. ಒಂದು ಷರತ್ತು ಮಾತ್ರ ಇತ್ತು. ಹತ್ತು ಮಂದಿ ಆಗಬೇಕು. ಒಂಬತ್ತಾದರೆ ವರ್ಗ ಇಲ್ಲ.

ಬೇಸಿಗೆಯ ರಜೆಯಿಡೀ ಅವರು ತಲೆ ಹುಡುಕುತ್ತ ಅಲೆದರು. ಸಂತೆಯ ದಿನ ತೇರಗಾಂವದ ಕಡೆಯ ಚಕ್ಕಡಿಗಳು ಬಂದು ನಿಲ್ಲುವಲ್ಲಿ ಹೋಗಿ, ಎತ್ತು ಬಿಚ್ಚುವವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ದಾಂಡೇಲ್ಯಾಗ ಗಿರಣಿ ಎದ್ದಾವ್ರಿ, ವಿಜ್ಞಾನ ಕಲತ ಹುಡುಗರು ಬೇಕಾಗ್ತಾರ" ಎಂದು ತಿಳಿಹೇಳುತ್ತಿದ್ದರು. ರೈತರು ತಂಬಾಕು ತಿಕ್ಕುತ್ತ, "ಅಷ್ಟ ದೊಡ್ಡ ಲೆಕ್ಕ ನಮ್ಮ ಹುಡುಗಗ ಯಾಕ್ರಿ ಮಾಸ್ತರ್ರ" ಎನ್ನುತ್ತಿದ್ದರು. ಹೀಗೆ ಸುತ್ತಿ ಸುತ್ತಿ ಒಂಬತ್ತು ಹುಡುಗರನ್ನು ಕೂಡಿಸಿದರು. ಅವರಲ್ಲಿ ಒಬ್ಬ ಮೋಟಾರು ರಿಪೇರಿ ಮಾಡುವ ಸಾಹೇಬರ ಮಗ. ಅವನ ಬುದ್ಧಿ ಬೇರೆಯೇ. ಸರ್ ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳಿ ಸುಮ್ಮನಾಗುತ್ತಿದ್ದ. ವರ್ಗ ಆಗದಿದ್ದರೆ ಅವನು ಸಾಲೆ ಬಿಟ್ಟು ಅಪ್ಪನ ಜೊತೆ ಲಾರಿಯ ಅಡಿಗೆ ಮಲಗಿ ರಿಪೇರಿ ಮಾಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಹತ್ತನೆಯ ತಲೆಗಾಗಿ ಅವರು ನಮ್ಮ ಮನೆಗೆ ಬಂದರು. ಸೋಮವಾರ ಬೆಳಿಗ್ಗೆ, ಇಸ್ತ್ರಿ ಮಾಡಿದ ಕೋಟು, ತಲೆಗೆ ರುಮಾಲು, ಜೊತೆಗೆ ಸಾಲೆಯ ಹಿರಿಯ ಕಾರಕೂನರು. ನಮ್ಮೂರಿನಲ್ಲಿ ಲಗ್ನದ ದಿನಗಳಲ್ಲಿ, ದೊಡ್ಡವಳಾದ ಹುಡುಗಿ ಇರುವ ಮನೆಗೆ, ಸೋಮವಾರ ಹೊತ್ತೇರುವ ಮೊದಲು ಇಬ್ಬರು ಹಿರಿಯರು ಕೋಟು ತೊಟ್ಟು ಬಂದರೆ ಅದಕ್ಕೆ ಒಂದೇ ಅರ್ಥ. ಅವ್ವ ಬಾಗಿಲ ಸಂದಿಯಿಂದ ನೋಡಿದವಳೇ ನನ್ನನ್ನು ಒಳಗೆಳೆದು, ತನ್ನ ಇಳಕಲ್ಲ ಸೀರೆ ಸುತ್ತಿ, ಹೆರಳಿಗೆ ಮಲ್ಲಿಗೆ ಸಿಕ್ಕಿಸಿ, ಕೈಗೆ ಒಗ್ಗರಣೆ ಅವಲಕ್ಕಿಯ ತಾಟು ಕೊಟ್ಟು, "ತಲಿ ಎತ್ತಬ್ಯಾಡ" ಎಂದು ಪಡಸಾಲೆಗೆ ನೂಕಿದಳು. ತಲೆ ಎತ್ತದೇ ಹೋದೆ. ಕೂತವರ ಕಾಲಿನ ಮೇಲೆ ಚಪ್ಪಲಿಪಟ್ಟಿ ಬಿದ್ದ ಗುರುತು ನೋಡಿ, ಇವು ಗಣಿತದ ಸರ್ ಕಾಲಲ್ಲವೇ ಎಂದು ತಾಟು ಹಿಡಿದು ಅಲ್ಲೇ ನಿಂತೆ.

ಸರ್ ಸೀರೆಯನ್ನು ನೋಡಿದರು, ತಾಟನ್ನು ನೋಡಿದರು, ಎಲ್ಲ ಹೊಳೆದಿರಬೇಕು. ತಾಟು ತೆಗೆದುಕೊಂಡು ನಿಧಾನಕ್ಕೆ ಅಪ್ಪನಿಗೆ ಬಂದ ಕೆಲಸ ಹೇಳಿದರು. ಕಾಳಿನ ವ್ಯಾಪಾರ ಮಾಡುತ್ತಿದ್ದ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾವು ಬೀಗರು ಬಂದಾರ ಅಂತ ತಿಳದಿದ್ವಿ! ಅಲ್ರಿ ಮಾಸ್ತರ್ರ, ಹೆಣ್ಣಹುಡುಗಿ, ಇಕಿಗೆ ಇದೆಲ್ಲ ಬರ್ತದೇನ್ರಿ?"

"ಈಗ ಕೇಳೂಣಲ್ರಿ" ಎಂದು ಸರ್ ನನ್ನ ಕಡೆ ತಿರುಗಿದರು. "ಹೇಳವಾ, ಅ ಮತ್ತು ಬ ಕೂಡಿಸಿ ವರ್ಗ ಮಾಡಿದರ ಏನ ಬರ್ತದ?"

"ಅ ವರ್ಗ, ಬ ವರ್ಗ, ಎರಡೂ ಕೂಡಿಸಿದ್ದು" ಎಂದೆ.

ಸರ್ ಒಂದು ಗಳಿಗೆ ಅವಲಕ್ಕಿಯನ್ನೇ ನೋಡಿದರು. ಆಮೇಲೆ ಅಪ್ಪನಿಗೆ ಹೇಳಿದರು, "ಬರೋಬ್ಬರಿ ಹೇಳಿದಳ್ರಿ. ಹುಡುಗಿ ಶಾಣ್ಯಾ ಅದಾಳ."

ಅವ್ವ ಬಾಗಿಲ ಹಿಂದೆ ಹಿಗ್ಗಿದಳು. ಗೃಹಶಾಸ್ತ್ರಕ್ಕೆ ಹೋಗಬೇಕಾಗಿದ್ದವಳ ಹೆಸರು ಅಂದೇ ವಿಜ್ಞಾನ ಗಣಿತದ ಪಟ್ಟಿಗೆ ಏರಿತು, ಹತ್ತಾಯಿತು, ವರ್ಗ ಶುರುವಾಯಿತು.

ಜೂನ್ ಕೊನೆಗೆ ಅದೇ ಸೂತ್ರ ಹಲಗೆಯ ಮೇಲೆ ಬಂತು. ನಾನು ಹೇಳಿದ ಉತ್ತರದಲ್ಲಿ ನಡುವಿನ 'ಎರಡು ಅ ಬ' ಎಂಬ ಪದವೇ ಇರಲಿಲ್ಲ. ಸುತ್ತ ಒಂಬತ್ತು ಹುಡುಗರು ಅದನ್ನು ಬರೆದುಕೊಳ್ಳುತ್ತಿದ್ದರು. ನಾನು ಸರ್ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಪಾಠವೆಲ್ಲ ಮುಗಿಯುವವರೆಗೂ ನೋಡಲಿಲ್ಲ. ನನ್ನ ಬುದ್ಧಿ ಕಂಡು ಕರೆದದ್ದಲ್ಲ, ತಲೆ ಸಾಲದೆ ಕರೆದದ್ದು ಎಂದು ಅಂದೇ ತಿಳಿದುಹೋಯಿತು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅಪ್ಪ ಬಿಡಿಸುತ್ತಿದ್ದ, ಹತ್ತು ಒಂಬತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಶಾಣ್ಯಾ ಎನಿಸಿಕೊಂಡ ಮೇಲೆ ಅಲ್ಲವೆಂದು ನಾನಾಗಿ ಹೇಳುವ ಮನಸ್ಸಿರಲಿಲ್ಲ.

ಮೂರು ವರ್ಷ ಏಗಿದೆ. ರಸಾಯನ ಹಿಡಿಸಿತು, ಭೌತಶಾಸ್ತ್ರ ಹೇಗೋ ನಡೆಯಿತು, ಗಣಿತ ಮಾತ್ರ ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಸಾಹೇಬರ ಮಗ ಸಾಲೆಗೇ ಹೆಸರು ತಂದ. ನಾನು ಗಣಿತದಲ್ಲಿ ನಪಾಸಾದೆ. ಗೃಹಶಾಸ್ತ್ರಕ್ಕೆ ಹೋದ ಗೆಳತಿಯರೆಲ್ಲ ಪಾಸಾಗಿ, ಪ್ರಾಥಮಿಕ ಶಾಲೆಯ ಮಾಸ್ತರಿಕೆಯ ತರಬೇತಿಗೆ ಹೊರಟರು. ನಮ್ಮ ಮನೆಯಲ್ಲಿ ಮುಂಡಗೋಡದ ಸಂಬಂಧದ ಮಾತು ಎದ್ದಿತು. ನಪಾಸಾದ ಹುಡುಗಿಯನ್ನು ಇಟ್ಟುಕೊಂಡು ಏನು ಮಾಡುವುದು?

ಆಗ ಸರ್ ಇನ್ನೊಮ್ಮೆ ಬಂದರು. ಈ ಸಲ ಕೋಟಿಲ್ಲ, ಜೊತೆಗೆ ಯಾರೂ ಇಲ್ಲ. ಕಟ್ಟೆಯ ಕೆಳಗೇ ನಿಂತರು.

"ತಪ್ಪು ಹುಡುಗೀದಲ್ರಿ, ನಂದು" ಎಂದರು. "ಅವತ್ತು ಆಕಿ ತಪ್ಪ ಹೇಳಿದ್ಲು. ನಾ ಬರೋಬ್ಬರಿ ಅಂದೆ."

ಅಪ್ಪ ಕಟ್ಟೆಯ ಅಂಚಿಗೆ ಬಂದ. "ಹತ್ತು ಮಂದಿ ಆಗ್ಬೇಕು ಅಂತ ನನ್ನ ಮಗಳ ತಲಿ ಎಣಿಸಿದ್ರಿ. ಹೌದಲ್ರಿ?"

"ಹೌದ್ರಿ. ಆ ಒಬ್ಬ ಹುಡುಗ ಹಾಳಾಗಬಾರದು ಅಂತ ಮಾಡಿದೆ. ಇಕಿನ ವಿಚಾರ ಮಾಡ್ಲಿಲ್ಲ. ಅಕ್ಟೋಬರ್ ಪರೀಕ್ಷಾ ತನಕ ಆಕೀನ ನನಗ ಬಿಡ್ರಿ. ಲಗ್ನ ದೀಪಾವಳಿ ಆದಮ್ಯಾಲ ಮಾಡ್ರಿ."

ಅಪ್ಪ ಸಿಟ್ಟಿನ ಮನುಷ್ಯ. ಆದರೆ ಒಬ್ಬ ಮಾಸ್ತರರು ತನ್ನ ಮನೆಯ ಕಟ್ಟೆಯ ಕೆಳಗೆ ಹಾಗೆ ನಿಂತದ್ದನ್ನು ಅವನು ತಾಳಲಾರದೇ ಹೋದ. "ಮ್ಯಾಲ ಬರ್ರಿ ಮೊದಲ, ಕೂಡ್ರಿ, ಚಾ ಕುಡೀರಿ" ಎಂದ. ಸರ್ ಮೇಲೆ ಬಂದರು, ಚಹಾ ಮುಟ್ಟಲಿಲ್ಲ. ಆಕೆ ಪಾಸಾಗುವವರೆಗೆ ಈ ಮನೆಯ ನೀರೂ ಒಲ್ಲೆ ಎಂದರು.

ಮಳೆಗಾಲವೆಲ್ಲ ಬೆಳಗಿನ ಆರಕ್ಕೆ ಕೊಡೆ ಹಿಡಿದು ಬಂದರು. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಲೆಕ್ಕ ಕೊಡುವುದು, ನಾನು ತಪ್ಪುವುದು, "ಇನ್ನೊಮ್ಮಿ" ಎನ್ನುವುದು. ನಡುವೆ ಕಣ್ಣು ಮುಚ್ಚಿದರೆ ಅವ್ವ ಪಾತ್ರೆ ಸಪ್ಪಳ ಮಾಡದೆ ಓಡಾಡುತ್ತಿದ್ದಳು. ಬಿಸಿ ರೊಟ್ಟಿಯ ವಾಸನೆ ಅವರ ಮೂಗಿಗೆ ಬಡಿಯುತ್ತಿತ್ತು, ತಿನ್ನುತ್ತೀರಾ ಎಂದು ಕೇಳುವ ಧೈರ್ಯ ಅವ್ವನಿಗಿರಲಿಲ್ಲ. ಒಂದು ದಿನ ನಾನೇ ಬೇಸತ್ತು, "ಸರ್, ನನಗ ಇದು ಬರೂದಿಲ್ಲ, ಬಿಟ್ಟಬಿಡ್ರಿ" ಎಂದು ಪಾಟಿ ಕೆಳಗಿಟ್ಟೆ. ಅವರು ಪಾಟಿ ಎತ್ತಿ, ಒರೆಸಿ, ಮತ್ತೆ ನನ್ನ ಮುಂದಿಟ್ಟರು. "ನಂಗೂ ದಣಿವಾಗೇದವಾ. ಇಬ್ಬರೂ ದಣದ ಮಾಡೂಣು" ಎಂದರು.

ಪಾಸಾದೆ. ಪಾಸಾಗಲಿಕ್ಕೆ ಎಷ್ಟು ಬೇಕೋ ಅಷ್ಟೇ ಅಂಕ ಬಂದವು. ಅವ್ವ ಮೊದಲು ಅವರ ಬಾಯಿಗೆ ಸಕ್ಕರೆ ಹಾಕಿದಳು, ಆಮೇಲೆ ನನ್ನ ಬಾಯಿಗೆ. ದೀಪಾವಳಿಯ ಮೇಲೆ ಮುಂಡಗೋಡಕ್ಕೆ ಮದುವೆಯಾಗಿ ಹೋದೆ. ಮ್ಯಾಟ್ರಿಕ್ ಆದ ಸೊಸೆಯೆಂದು ಅತ್ತೆಮನೆಯವರು ತರಬೇತಿಗೆ ಕಳಿಸಿದರು. ಪ್ರಾಥಮಿಕ ಶಾಲೆಯ ಅಕ್ಕೋರಾದೆ. ಒಂದು ಕೋಣೆಯಲ್ಲಿ ಮೂರು ಇಯತ್ತೆ ಕೂಡಿಸಿಕೊಂಡು ದಿನವಿಡೀ ಕೂಗಿ ಸಂಜೆ ಮನೆಗೆ ಬಂದು ಒಲೆ ಹಚ್ಚುವಾಗ, ಸರ್ ಯಾಕೆ ನಿಂತಲ್ಲೇ ಮಲಗುತ್ತಿದ್ದರೆಂದು ಚೆನ್ನಾಗಿ ತಿಳಿಯಿತು.

ಪ್ರತಿ ವರ್ಷ ಪಂಚಮಿಗೆ ತವರಿಗೆ ಬಂದಾಗ ಅವರನ್ನು ನೋಡಿ ಬರುತ್ತಿದ್ದೆ. ಹೆಂಡತಿ ತೀರಿಕೊಂಡಿದ್ದರು, ಸರ್ ಇನ್ನೂ ಬಡವಾಗಿದ್ದರು. ಸಾಹೇಬರ ಮಗ ಎಂಜಿನಿಯರ್ ಆದ ಸುದ್ದಿಯನ್ನು ಮೆಲುದನಿಯಲ್ಲಿ ಹೇಳುತ್ತಿದ್ದರು, ನನ್ನೆದುರು ಅದನ್ನು ಹೇಳಬಾರದೇನೋ ಎಂಬಂತೆ. ಹೊರಡುವಾಗ ಬಾಗಿಲ ತನಕ ಬಂದು ಪ್ರತಿ ಸಲವೂ ಕೇಳುತ್ತಿದ್ದರು, "ನನ್ನ ಮ್ಯಾಲ ಇನ್ನೂ ಸಿಟ್ಟೈತೇನವಾ?"

"ಅದೆಲ್ಲಾ ಈಗ್ಯಾಕ ಬಿಡ್ರಿ ಸರ್" ಎನ್ನುತ್ತಿದ್ದೆ. ಇಲ್ಲ ಎನ್ನಲಿಲ್ಲ. ಏಳು ವರ್ಷ ಇಲ್ಲ ಎನ್ನಲಿಲ್ಲ. ಸಿಟ್ಟೇನೂ ಇರಲಿಲ್ಲ. ಆದರೆ ಮನೆಯಲ್ಲಿ, ಸಾಲೆಯಲ್ಲಿ, ಎಲ್ಲರ ಮುಂದೂ ತಗ್ಗಿಯೇ ನಡೆಯುವವಳಿಗೆ, ಒಬ್ಬ ದೊಡ್ಡ ಮನುಷ್ಯ ತನ್ನ ಮುಂದೆ ತಗ್ಗಿ ನಿಲ್ಲುವುದು ಒಳಗೊಳಗೇ ಹಿತವಾಗಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಎಂಟನೆಯ ಪಂಚಮಿಗೆ ಹೋದಾಗ ಅವರ ಮನೆಗೆ ಬೀಗ ಬಿದ್ದಿತ್ತು. ತೀರಿಕೊಂಡು ಹದಿನೈದು ದಿನವಾಯಿತೆಂದು ನೆರೆಯವರು ಹೇಳಿದರು. ಆ ಕಟ್ಟೆಯ ಮೇಲೆ ಕೂತು ಅತ್ತೆ. ನನ್ನನ್ನು ಕೇಳಿಕೊಂಡು ನಮ್ಮ ಮನೆಗೆ ಬಂದವರು ಬೇಕಷ್ಟು ಮಂದಿ, ಎಲ್ಲರೂ ಸೊಸೆಯಾಗಲೆಂದೇ ಕೇಳಿದವರು. ವಿದ್ಯೆಗಾಗಿ ಕೇಳಲು ಬಂದವರು ಅವರೊಬ್ಬರೇ. ಸುಳ್ಳು ಹೇಳಿಯೇ ಕೇಳಿದ್ದರು, ಆದರೂ ಕೇಳಿದ್ದರು. ಅದನ್ನು ಅವರಿಗೆ ಹೇಳದೇ, ತಾವು ತಪ್ಪು ಮಾಡಿದೆವೆಂದೇ ತಿಳಿದು ಸಾಯಲು ಬಿಟ್ಟೆ.