ದೋಣಿ ಮೆಷಿನ್ ಕೊಟ್ಟವರು

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಸಿ, ಅತ್ತೆಯ ಮಾತ್ರೆಗಳನ್ನು ಬಟ್ಟಲಿಗೆ ಹಾಕಿಟ್ಟು, ವಾಕರ್ ಹಿಡಿಸಿ ಅವರನ್ನು ನಡುಮನೆಯ ಕುರ್ಚಿಗೆ ತಂದು ಕೂರಿಸಿ, ಕಾಫಿ ಸೋಸುತ್ತಿದ್ದೆ. ಗೇಟಿನ ಚಿಲಕ ಸದ್ದಾಯಿತು. ಅಡುಗೆಮನೆಯ ಕಿಟಕಿಯಿಂದ ಮೊದಲು ಕಂಡದ್ದು ಮೆಷಿನ್ ಅಂಗಡಿಯವರ ಹಣೆ. ಮೂರು ಎಳೆ ವಿಭೂತಿ, ನಡುವಿನ ಎಳೆಯ ಮೇಲೆ ಗ್ರೀಸಿನ ಒಂದು ಬೆರಳಚ್ಚು. ಬೆವರು ಒರೆಸುವ ಕೈಯೂ ಮೆಷಿನ್ ಬಿಚ್ಚುವ ಕೈಯೂ ಒಂದೇ ಆದ್ದರಿಂದ, ಅಂಗಡಿ ಬಾಗಿಲು ತೆಗೆದ ಅರ್ಧ ಗಂಟೆಯಲ್ಲಿ ಆ ಮಸಿ ಅಲ್ಲಿ ಬಂದು ಕೂರುತ್ತಿತ್ತಂತೆ. ಹೊರಗೆ ತಳ್ಳುಗಾಡಿಯ ಮೇಲೆ, ಹಳೆಯ ಕಂಬಳಿ ಹೊದ್ದುಕೊಂಡು ನನ್ನ ಮೆಷಿನ್ ಮಲಗಿತ್ತು.

ನನ್ನದು ಎಂದು ಈಗ ಬರೆಯುತ್ತಿದ್ದೇನೆ. ಆವತ್ತಿನವರೆಗೆ ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಕೃಷ್ಣಮೂರ್ತಿಪುರಂನಲ್ಲಿ ನಮ್ಮದು ಉದ್ದನೆಯ, ಸಪೂರ ಮನೆ. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ, ಅವರು ಕೂಗಿದರೆ ಓ ಎನ್ನುವಷ್ಟು ದೂರವೇ ನನ್ನ ಲೋಕ. ನಮ್ಮನೆಯವರು ಹಾಸನದಲ್ಲಿ ಕೆಲಸದಲ್ಲಿದ್ದರು. ಶನಿವಾರ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಆ ಹೊತ್ತಿನಲ್ಲೇ ನನಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. "ದಿನಾ ಒಂದು ಗಂಟೆ ನಡೀರಿ, ಇಲ್ಲಾಂದ್ರೆ ಮುಂದಿನ ವರ್ಷ ಇನ್ಸುಲಿನ್ ಚುಚ್ಕೋಬೇಕಾಗುತ್ತೆ" ಎಂದರು ಡಾಕ್ಟರು. ಎಲ್ಲಿ ನಡೆಯಲಿ? ನಡುಮನೆಯಿಂದ ಹಿತ್ತಲಿಗೆ ಹದಿನೇಳು ಹೆಜ್ಜೆ. ಹನ್ನೆರಡನೆಯ ಹೆಜ್ಜೆಗೆ "ಎಲ್ಲಿದೀಯೇ?" ಎಂಬ ಕೂಗು ಬರುತ್ತಿತ್ತು.

ಡಾಕ್ಟರಲ್ಲಿ ಕಾಯುವಾಗ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ರೋಯಿಂಗ್ ಮೆಷಿನ್ನಿನ ಚಿತ್ರ ನೋಡಿದ್ದೆ. ಕೂತಲ್ಲೇ ದೋಣಿಗೆ ಹುಟ್ಟು ಹಾಕಿದಂತೆ ಎಳೆಯುವುದು. ಕರೆಂಟು ಬೇಡ, ಅಷ್ಟೇನೂ ಜಾಗ ತಿನ್ನುವುದಿಲ್ಲ. ಕ್ರೀಡಾ ಸಾಮಾನಿನ ದೊಡ್ಡ ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿ, ಕರವಸ್ತ್ರದಿಂದ ಮುಖ ಒರೆಸಿಕೊಂಡು ಹೊರಗೆ ಬಂದೆ. ಔಷಧಿ ಅಂಗಡಿಯವನು, "ಲಷ್ಕರ್ ಮೊಹಲ್ಲಾದಲ್ಲಿ ಒಬ್ರು ಹಿರಿಯರಿದಾರೆ ಮೇಡಂ, ಮುಚ್ಚಿಹೋದ ಜಿಮ್ಮುಗಳ ಸಾಮಾನು ತಂದು ರಿಪೇರಿ ಮಾಡಿ ಮಾರ್ತಾರೆ" ಎಂದ. ಕೆಲಸದವಳು ಮನೆಯಲ್ಲಿರುವ ಒಂದು ಗಂಟೆಯಲ್ಲಿ ಆಟೋ ಹಿಡಿದು ಹೋದೆ.

"ರೋಯಿಂಗ್ ಮೆಷಿನ್ ಬೇಕಿತ್ತು. ನಮ್ಮನೆಯವರಿಗೆ."

ಸುಳ್ಳು ತಾನಾಗಿಯೇ ಬಾಯಿಗೆ ಬಂತು. ನಮ್ಮ ಬೀದಿಯ ಹೆಂಗಸರು ಗ್ರೈಂಡರ್ ಕೊಳ್ಳುತ್ತಿದ್ದರು, ಹೊಲಿಗೆ ಮೆಷಿನ್ ಕೊಳ್ಳುತ್ತಿದ್ದರು. ತಮ್ಮ ಕೈಕಾಲು ಆಡಿಸಲಿಕ್ಕೆಂದು ಕಬ್ಬಿಣ ಕೊಂಡವರಿರಲಿಲ್ಲ.

"ದೋಣಿ ಮೆಷಿನ್ನಾ? ಎರಡವೆ, ಬನ್ನಿ ತಾಯಿ."

ಒಂದು ಫಳಫಳ ಹೊಳೆಯುತ್ತಿತ್ತು, ಎಳೆತ ಎಣಿಸುವ ಮೀಟರು ಬೇರೆ. ನಾನು ಅದರ ಹತ್ತಿರ ಹೋದೆ.

"ಅದ್ರ ಕಡೆ ನೋಡ್ಬೇಡಿ ಕಣಮ್ಮ, ಬರೀ ಶೋಕಿ." ಪಿಸ್ಟನ್ನಿನ ಕೆಳಗೆ ಬೆರಳು ಸವರಿ ನನಗೆ ಹಿಡಿದರು. ಎಣ್ಣೆ. "ಸೋರ್ತಾ ಅದೆ. ಆರು ತಿಂಗಳು ಎಳೀಬಹುದು, ಆಮೇಲೆ ಟವೆಲ್ ಒಣಗಾಕೋಕೆ ಚೆನ್ನಾಗಿರ್ತದೆ."

ತಮ್ಮ ಸಾಮಾನಿನ ಕೊರತೆಯನ್ನು ತಾವೇ ಮೊದಲು ಹೇಳುವುದು ಅವರ ರೂಢಿ. "ನಾಳೆ ಬೈಸ್ಕೊಳೋ ಬದ್ಲು ಇವತ್ತೇ ಹೇಳ್ಬುಡ್ತೀನಿ" ಎನ್ನುತ್ತಿದ್ದರು.

ಇನ್ನೊಂದು ಬಣ್ಣ ಹೋದದ್ದು. ಸೀಟನ್ನು ಒಂದೇ ಬೆರಳಿನಿಂದ ತಳ್ಳಿದರು, ಕಂಬಿಯ ಮೇಲೆ ಎಲ್ಲಿಯೂ ತಡೆಯದೆ ಕೊನೆಯವರೆಗೆ ಹೋಯಿತು. ಅದಕ್ಕೂ ಒಂದು ಕೊರತೆಯಿತ್ತು. ಕಾಲಿಡುವ ಹಲಗೆಯನ್ನು ಹಿಂದೆಮುಂದೆ ಮಾಡುವ ತಿರುಪು ಸವೆದಿತ್ತು. ಒಬ್ಬರ ಅಳತೆಗೆ ಇಟ್ಟು ಬೆಸುಗೆ ಹಾಕಿಸಬೇಕು, ಮತ್ತೆ ಬದಲಾಗುವುದಿಲ್ಲ. "ಅದಕ್ಕೇ ಅಗ್ಗ" ಎಂದರು. "ಯಜಮಾನ್ರು ಎಷ್ಟೆತ್ತರ?"

"ಐದಡಿ ಹತ್ತಿಂಚು."

ಅವರು ಹಲಗೆಯನ್ನು ದೂರ ಸರಿಸಿ ಸೀಮೆಸುಣ್ಣದಿಂದ ಗುರುತು ಹಾಕಿದರು. ಬೆಸುಗೆ ಬಿದ್ದರೆ ಮುಗಿಯಿತು, ಅಲ್ಲಿಗೆ ನನ್ನ ಕಾಲು ಎಟುಕುವುದಿಲ್ಲ. ಕಾನ್ವೆಂಟಿನಲ್ಲಿ ಓದಿದವಳು ಎಂಬುದು ಹೆಸರಿಗೆ, ಒಂದು ಮಾತು ಹೊರಡಲಿಲ್ಲ. ಚಪ್ಪಲಿಯೊಳಗಿನ ಪಾದ ಮಾತ್ರ ಹಲಗೆಯ ಕಡೆಗೆ ಒಂದಿಷ್ಟು ಸರಿದಿರಬೇಕು. ಅವರು ಅದನ್ನು ನೋಡಿದರು. ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡರು.

"ಯಜಮಾನ್ರ ಪಾದ ನಿಮ್ಮ ಪಾದದಷ್ಟೇ ಅದಾ?"

"ಹೂಂ... ಅಷ್ಟೇ."

"ಕಾಲುದ್ದಾನೂ?"

"ಹೂಂ."

"ಸರಿ ಬುಡಿ. ಹಂಗಾದ್ರೆ ಯಜಮಾನ್ರ ಬದ್ಲು ನೀವೇ ಕೂತ್ಕೊಂಡು ನೋಡಿ." ಒಳಗೆ ತಿರುಗಿ ಹೆಂಡತಿಯನ್ನು ಕರೆದರು. "ಇವ್ಳೇ, ಒಂದು ಬೆಡ್‌ಶೀಟ್ ತಕ್ಕೊಂಬಾ."

ಎರಡು ಬೀರುಗಳ ನಡುವೆ ನೀಲಿ ಹೂವಿನ ಬೆಡ್‌ಶೀಟ್ ಕಟ್ಟಿದರು. ಆಕೆ ನನ್ನ ಸೀರೆಯ ನೆರಿಗೆ ಒತ್ತಿ ಹಿಡಿದು, ಕಾಲಿಗೆ ಪಟ್ಟಿ ಬಿಗಿದರು. ಇವರು ಆ ಕಡೆ ಬೀದಿಗೆ ಮುಖ ಮಾಡಿ ನಿಂತು, "ಮಂಡಿ ಪೂರ್ತಿ ಮಡಿಸ್ತದಾ? ಬೆನ್ನು ನೆಟ್ಟಗಿದೆಯಾ?" ಎಂದು ಕೇಳುತ್ತಿದ್ದರು. ನಾನು ಎಳೆದೆ. ಮತ್ತೆ ಎಳೆದೆ. ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಯಾರೂ ನನ್ನನ್ನು ಕೂಗಲಿಲ್ಲ.

ಹಾಗೆ ನನ್ನ ಅಳತೆಗೆ ಬೆಸುಗೆ ಬಿದ್ದ ಮೆಷಿನ್ ಆ ಬೆಳಿಗ್ಗೆ ಗೇಟಿಗೆ ಬಂದಿತ್ತು.

"ಏನ್ರೀ ಅದು? ಯಾರಿಗೆ?" ಅತ್ತೆ ಕುರ್ಚಿಯಿಂದಲೇ ಕೇಳಿದರು.

ನಾನು ಅಂಗಡಿಯವರ ಮುಖ ನೋಡಿದೆ. ಯಜಮಾನರಿಗೆ ಎಂದು ಅವರೇ ಹೇಳಿಬಿಟ್ಟರೆ ಸಾಕೆಂದು ಬೇಡಿಕೊಂಡೆ. ಅವರು ಕಂಬಳಿಯ ಹಗ್ಗ ಬಿಚ್ಚುವುದರಲ್ಲಿ ಮುಳುಗಿದಂತಿದ್ದರು.

"ತಗೊಂಡೋರು ಇಲ್ಲೇ ನಿಂತವ್ರಲ್ಲ ಅಮ್ಮಾ, ಅವರೇ ಹೇಳ್ತಾರೆ."

ಕೈಯಲ್ಲಿದ್ದ ಕಾಫಿ ಜರಡಿಯಿಂದ ನೆಲಕ್ಕೆ ಹನಿ ಬೀಳುತ್ತಿತ್ತು.

"ನನಗೆ, ಅತ್ತೆ. ಸಕ್ಕರೆ ಕಾಯಿಲೆಗೆ."

ಅತ್ತೆ ಅಡಿಯಿಂದ ಮುಡಿಯವರೆಗೆ ನನ್ನನ್ನು ನೋಡಿದರು. "ಕಾಫಿ ಆರಿಹೋಗುತ್ತೆ, ತಾ" ಎಂದರು. ಅಷ್ಟೇ.

ಅಂಗಡಿಯವರು ಹಿತ್ತಲ ಬಾಗಿಲ ಪಕ್ಕ ಮೆಷಿನ್ ಇಟ್ಟು, ಅತ್ತೆಯ ವಾಕರನ್ನೇ ಕೇಳಿ ತೆಗೆದುಕೊಂಡು ಎರಡು ಸಲ ದಾಟಿಸಿ ನೋಡಿದರು. "ಹಿರಿಯರು ಓಡಾಡೋ ಜಾಗ" ಎಂದು ಇನ್ನೂ ನಾಲ್ಕು ಬೆರಳು ಗೋಡೆಗೆ ಒತ್ತಿದರು. ಹೊರಡುವಾಗ ನನಗಷ್ಟೇ ಕೇಳುವಂತೆ, "ಬೇರೆ ಯಾರು ಕೂತ್ರೂ ಇದು ಹೊಂದಾಕಿಲ್ಲ ಕಣಮ್ಮ" ಎಂದರು.

ಎಷ್ಟೋ ವರ್ಷ ಎಳೆದೆ. ಒಂದು ಕಿವಿಯನ್ನು ನಡುಮನೆಗೆ ಕೊಟ್ಟುಕೊಂಡೇ ಎಳೆದೆ. ಡಾಕ್ಟರು ಹೆದರಿಸಿದ್ದ ಸೂಜಿ ಇಂದಿಗೂ ಬಂದಿಲ್ಲ. ಸೀಟಿನ ಗಾಲಿ ಸವೆದಾಗ ಹೊಸದು ಕೇಳಲು ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಬಾಗಿಲು ಅರ್ಧ ಎಳೆದಿತ್ತು, ಅವರ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದರು. "ಹೋಗ್ಬುಟ್ರು ಕಣವ್ವ, ಶಿವರಾತ್ರಿಗೆ ಮುಂಚೆ" ಎಂದರು. ಒಳಗೆ ಹೋಗಿ, ಡಬ್ಬದಲ್ಲಿ ಹುಡುಕಿ, ಗಾಲಿ ತಂದು ನನ್ನ ಕೈಯಲ್ಲಿಟ್ಟರು. ಹೋದವರಿಗೊಂದು ಥ್ಯಾಂಕ್ಸ್ ಕೂಡ ನಾನು ಬಾಯಿಬಿಟ್ಟು ಹೇಳಿರಲಿಲ್ಲ.

ಅದಿರಲಿ. ಮೆಷಿನ್ ಮನೆಗೆ ಬಂದ ದಿನದ ಸಂಜೆಯದೊಂದು ಮಾತು ಉಳಿದಿದೆ. ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಮೊದಲ ದಿನದ ಎಳೆತಕ್ಕೆ ತೋಳು ಹಿತವಾಗಿ ನೋಯುತ್ತಿತ್ತು. ಕಾಂಪೌಂಡಿನಾಚೆ ಕರಿಬೇವು ಕೀಳುತ್ತಿದ್ದ ಪಕ್ಕದ ಮನೆಯಾಕೆ ತಲೆ ಎತ್ತಿದರು.

"ರೀ, ನಿಮ್ಮೆಜಮಾನ್ರಿಗೆ ಎಕ್ಸರ್ಸೈಜ್ ಮೆಷಿನ್ ತರಿಸಿದೀರಂತೆ, ಈಗ ತಾನೇ ನಿಮ್ಮತ್ತೆ ಹೇಳಿದ್ರು. ಒಳ್ಳೇದಾಯ್ತು ಬಿಡಿ, ಪಾಪ, ವಾರಕ್ಕೆರಡು ದಿನ ಬರೋ ಮನುಷ್ಯರಿಗೆ ಅಷ್ಟಾದ್ರೂ ಮಾಡ್ಬೇಕಲ್ಲ ನೀವು."