ಮಾವ ಹಿಡಿದ ಇಬ್ಬರು ಕೀಪರ್‌ಗಳು

ಗೆಳತಿಯರೇ, ಕೂತಲ್ಲಿ ಕೂರಲಾಗುತ್ತಿಲ್ಲ! ಇವತ್ತಿನ ಫ್ಯಾಂಟಸಿ ಕ್ರಿಕೆಟ್‌ನಲ್ಲಿ ಮಾವನನ್ನು ಸೋಲಿಸಿದರೆ ಭಾನುವಾರ ಮಡಕಶಿರಕ್ಕೆ, ನನ್ನ ತವರಿಗೆ! ಸಂಜೆಯ ಪಂದ್ಯದಲ್ಲಿ ಆಡುವವರನ್ನು ಸರದಿಯಂತೆ ಆರಿಸಬೇಕು, ಅವರು ಗಳಿಸಿದ ಅಂಕ ನಮ್ಮದು; ತಂಡಕ್ಕೊಬ್ಬ ವಿಕೆಟ್ ಕೀಪರ್ ಇರಲೇಬೇಕು. ನಾನು ಖುಷಿಯಲ್ಲಿ ಇಬ್ಬರು ಸಿಕ್ಸರ್ ವೀರರನ್ನು ಆರಿಸಿದೆ. ಅಷ್ಟರಲ್ಲಿ ಕುರಿ ಸಾಕುವ ನಮ್ಮ ಮಾವ, ಇದ್ದ ಇಬ್ಬರೂ ಕೀಪರ್‌ಗಳನ್ನು ಹಿಡಿದುಬಿಟ್ಟರು!

“ಇಬ್ರೂ ನಿಮಗ್ಯಾಕೆ ಮಾಮಾ?”

“ರಾಯದುರ್ಗ ಸಂತ್ಯಾಗ ಕುರಿ ಬೇಕಾದಷ್ಟು ಸಿಗ್ತಾವವ್ವಾ, ಚಲೋ ಟಗರು ಸಿಗಂಗಿಲ್ಲ. ಮೊದ್ಲು ಟಗರು ಹಿಡೀಬೇಕು.”

“ಒಬ್ಬರನ್ನಾದ್ರೂ ಕೊಡಿ ಮಾಮಾ, ಪ್ಲೀಸ್!”

“ಕೊಡ್ತೀನಿ. ನಿನ್ನ ಸಿಕ್ಸರಿನವರಿಬ್ಬರನ್ನೂ ಈ ಕಡಿ ಹೊಡಿ.”

ಕೊಟ್ಟೆ. ಸಂಜೆ ಪಂದ್ಯ. ಊರಿಗೆ ಹೋಗುವ ಬ್ಯಾಗನ್ನು ಎರಡು ಸಲ ತುಂಬಿ, ಎರಡು ಸಲ ಖಾಲಿ ಮಾಡಿದ್ದೇನೆ. ಹೊಸದಾಗಿ ಆಡುವವರಿಗೆ ನನ್ನ ಸಲಹೆ: ಎದುರಿಗೆ ಕುರಿ ಸಾಕಿದವರು ಕೂತಿದ್ದರೆ ಮೊದಲು ಕೀಪರ್‌ನನ್ನು ಹಿಡಿಯಿರಿ.